ಕಡೇ ಹಾಳೆಯ ಹುಡುಗಿ

ಮಗಳು ಪಲ್ಲವಿಯ ಕೈಯಿಂದ ಪುಸ್ತಕ ಇಸಿದುಕೊಂಡು ದುರ್ಗಕ್ಕ ಕಡೇ ಹಾಳೆ ನೋಡಿದಳು. ಹಾಳೆಯಲ್ಲಿ ಒಬ್ಬ ಹುಡುಗಿ ಅದಿರಿನ ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಬುಟ್ಟಿ, ಕೈಯಲ್ಲಿ ಸುತ್ತಿಗೆ. ಬಣ್ಣದ ಕಡ್ಡಿ ಇಲ್ಲವೆಂದು ಪಲ್ಲವಿ ಅದಿರಿನ ಕೆಂಪು ಪುಡಿಯನ್ನೇ ನೀರಲ್ಲಿ ಕಲಸಿ ಹುಡುಗಿಯ ಮೈಗೆಲ್ಲ ಬಳಿದಿದ್ದಳು. ಅದು ಯಾರ ಚಿತ್ರ ಎಂದು ಓದು ಬರದವರಿಗೂ ತಿಳಿಯುತ್ತಿತ್ತು.

ದುರ್ಗಕ್ಕನಿಗೆ ಭಯವಾದದ್ದು ಅದಕ್ಕೇ. ಈಗಷ್ಟೇ ಮೇಸ್ತ್ರಿ ಮಾರೆಪ್ಪ ಜೋಪಡಿ ಜೋಪಡಿಗೂ ಬಂದು ಹೇಳಿ ಹೋಗಿದ್ದ. ಕಾರ್ಮಿಕರ ಆಫೀಸಿನ ಮೇಡಂ ಸಂಡೂರು ಬಿಟ್ಟಿದ್ದಾರೆ, ಟೆಂಟ್ ಶಾಲೆಗೆ ಬಂದು ಮಕ್ಕಳ ಪುಸ್ತಕ, ಪಾಟಿ ಎಲ್ಲ ನೋಡುತ್ತಾರೆ. ಯಾವ ಮನೆಯ ಮಗು ಅದಿರು ಒಡೆಯುತ್ತದೆಂದು ಗೊತ್ತಾಗುತ್ತದೋ ಆ ಮನೆಯವರಿಗೆ ಸಂಜೆಯಿಂದ ಇಲ್ಲಿ ಕೆಲಸವೂ ಇಲ್ಲ, ಜಾಗವೂ ಇಲ್ಲ. "ಇವತ್ತೊಂದಿನ ನಿಮ್ಮ ಹುಡುಗ್ರು ಸಾವ್ಕಾರ್ರ ಮಕ್ಕಳು, ತಿಳೀತಿಲ್ಲೋ?" ಎಂದು ನಕ್ಕಿದ್ದ. ಆ ನಗುವನ್ನು ನಂಬುವ ಹಾಗಿರಲಿಲ್ಲ. ಹೋದ ತಿಂಗಳು ಗಾಳೆಮ್ಮನ ಜೋಪಡಿ ಕೀಳಿಸಿದಾಗ ಒಲೆಯ ಮೇಲೆ ಅನ್ನ ಇನ್ನೂ ಕುದಿಯುತ್ತಿತ್ತು.

ಪುಸ್ತಕ ಶಾಲೆಯದು. ಆಗಷ್ಟೇ ಅಕ್ಷರ ಕೂಡಿಸಿ ಓದುವ ಮಕ್ಕಳಿಗೆಂದು ಮಾಡಿದ್ದು, ಪುಟಕ್ಕೊಂದು ಚಿತ್ರ, ಅದರ ಕೆಳಗೆ ಒಂದು ಸಾಲು. ಪಲ್ಲವಿ ನಾಲ್ಕು ದಿನದಿಂದ ಬೆರಳಿಟ್ಟು ಓದಿ ಓದಿ ತಾಯಿಗೂ ಬಾಯಿಪಾಠ ಮಾಡಿಸಿದ್ದಳು. ಕಾಗೆ ಕಪ್ಪು, ಕಾಗೆ ಹೀಗೇ ಚೆಂದ. ಆಮೆ ಮೆಲ್ಲಗೆ, ಆಮೆ ಹೀಗೇ ಚೆಂದ. ಕಡೇ ಪುಟದಲ್ಲಿ ಮಾತ್ರ ಚಿತ್ರವಿಲ್ಲದ ಖಾಲಿ ಚೌಕ. ಕೆಳಗೆ, 'ಇದು ನಾನು. ನಾನು ಹೀಗೇ ಚೆಂದ.' ನಿಮ್ಮ ನಿಮ್ಮ ಚಿತ್ರ ನೀವೇ ಬರೆಯಿರಿ ಎಂದಿದ್ದರಂತೆ ಟೀಚರು.

ಹಾಳೆ ಹರಿದು ಒಲೆಗೆ ಹಾಕೋಣವೆಂದರೆ ಮೇಡಂ ಪುಟ ಎಣಿಸಿಯಾರು. ಹುಡುಗಿಯನ್ನು ಕಳಿಸದೆ ಇಟ್ಟುಕೊಂಡರೆ ಯಾಕೆ ಬರಲಿಲ್ಲವೆಂದು ಜೋಪಡಿಗೇ ಬಂದಾರು. ದುರ್ಗಕ್ಕ ರಬ್ಬರು ಹುಡುಕಿ ಮಗಳ ಕೈಗಿಟ್ಟಳು.

"ಸುತ್ತಿಗಿ ಅಳಸು."

"ಯಾಕವ್ವ? ನಾ ಹಿಂಗ ಇಲ್ಲೇನು?"

"ಹಿಂಗ ಅದಿ. ಅದಕ್ಕ ಅಳಸು ಅಂತೀನಿ."

ರಾಶಿ ಹೋಯಿತು, ಬುಟ್ಟಿ ಹೋಯಿತು. ಸುತ್ತಿಗೆ ಮಾತ್ರ ಹೋಗಲೊಲ್ಲದು. ಹಿಡಿದ ಕೈಗಳ ಕೆಂಪು ಅದಕ್ಕೂ ದಪ್ಪಗೆ ಹತ್ತಿತ್ತು. ದುರ್ಗಕ್ಕ ತಾನೇ ರಬ್ಬರು ಕಸಿದುಕೊಂಡು ತಿಕ್ಕಿದಳು. ಸೆರಗಿನ ತುದಿ ಒದ್ದೆ ಮಾಡಿ ತಿಕ್ಕಿದಳು. ಕಾಗದ ಸವೆದು ತೂತು ಬಿತ್ತು. ಸುತ್ತಿಗೆಯ ಜೊತೆಗೆ ಹುಡುಗಿಯ ಎರಡೂ ಕೈ ಹೋದವು.

ಲಾರಿಗಳ ಸಾಲಿನಾಚೆ ಜೀಪಿನ ಹಾರನ್ ಕೇಳಿತು. ಮೇಡಂ ಏನೇ ಕೇಳಲಿ, ಕೆಲಸಕ್ಕೆ ಹೋಗುವುದಿಲ್ಲ ಎನ್ನಬೇಕೆಂದು ದುರ್ಗಕ್ಕ ಶಾಲೆ ಮುಟ್ಟುವವರೆಗೂ ಹೇಳಿಕೊಟ್ಟಳು. ಪಲ್ಲವಿ ಹೂಂ ಹೂಂ ಎನ್ನುತ್ತ ಪಕ್ಕದಲ್ಲೇ ಓಡುತ್ತ ಬಂದಳು.

ಮೇಡಂ ಒಳ್ಳೆಯವರ ಹಾಗೆ ಕಂಡರು. ಕುರ್ಚಿ ಬೇಡವೆಂದು ಚಾಪೆಯ ಮೇಲೇ ಕೂತು ಒಬ್ಬೊಬ್ಬರಿಂದಲೂ ಓದಿಸಿದರು. ಟೆಂಟಿನ ಬಾಗಿಲಲ್ಲಿ ಮಾರೆಪ್ಪ ಕೈಕಟ್ಟಿ ನಿಂತಿದ್ದ. ಅವನ ಬೆನ್ನ ಹಿಂದೆ ದುರ್ಗಕ್ಕ ಗೂಟದ ಹಗ್ಗ ಹಿಡಿದುಕೊಂಡಿದ್ದಳು. ಪಲ್ಲವಿ ಕಾಗೆ, ಆಮೆ ಎಲ್ಲವನ್ನೂ ಎಲ್ಲಿಯೂ ತಡವರಿಸದೆ ಓದಿದಳು. ಮೇಡಂ ಬೆನ್ನು ತಟ್ಟಿದಾಗ ದುರ್ಗಕ್ಕನಿಗೆ ಹೋದ ಉಸಿರು ಬಂದಂತಾಯಿತು. ಅಷ್ಟರಲ್ಲಿ ಅವರು ಕಡೇ ಹಾಳೆ ತಿರುವಿದರು. ತೂತಿನ ಮೇಲೆ ಬೆರಳಾಡಿಸಿ ನಕ್ಕರು.

"ಏನ್ ತಂಗಿ, ಇಷ್ಟು ಚೆಂದ ಬರದು ಕೈನೇ ಇಲ್ಲಲ್ಲ. ಎಲ್ಲಿ ಹೋದವು?"

ಮಾರೆಪ್ಪ ತಿರುಗಿ ದುರ್ಗಕ್ಕನ ಮುಖ ನೋಡಿದ. ಪಲ್ಲವಿಯೂ ತಾಯಿಯನ್ನೇ ನೋಡಿದಳು. ಆಮೇಲೆ ಹೇಳಿಕೊಟ್ಟದ್ದನ್ನು ಒಂದಿಷ್ಟೂ ತಪ್ಪದೆ ಹೇಳಿದಳು.

"ನಾ ಕೆಲಸಕ್ಕ ಹೋಗಂಗಿಲ್ರಿ. ಕೈ ಅಷ್ಟ ಹೋಗ್ಯಾವು."