ಗುಡ್ಡಕ್ಕೊಂದು ಸ್ಟೀಲ್ ಬಾಟಲಿ

ಮೂರನೆಯ ಬಾಟಲಿಯನ್ನೂ ಅವಳು ಬೇಕೆಂದೇ ಕಲ್ಲು ಮೆಟ್ಟಿಲ ಮೇಲೆ ಬೀಳಿಸಿದಳು. ಠಣ್ ಎಂದು ಬಿದ್ದದ್ದು ಉರುಳುತ್ತ ಹೋಗಿ ಚರಂಡಿಯ ಅಂಚಿನಲ್ಲಿ ನಿಂತಿತು.

ತಿಪ್ಪಯ್ಯನ ಪಿತ್ತ ನೆತ್ತಿಗೇರಿತು. ರಾಯದುರ್ಗದ ಬಜಾರಿನಲ್ಲಿ ಮೂವತ್ತು ವರ್ಷ ಪಾತ್ರೆ ಮಾರಿದವನು. ಚೌಕಾಸಿ ಮಾಡುವವರನ್ನು ಕಂಡಿದ್ದ, ಕದಿಯುವವರನ್ನು ಕಂಡಿದ್ದ. ಮಾಲನ್ನು ಕುಟ್ಟಿ ನೋಡುವವರನ್ನು ಕಂಡಿರಲಿಲ್ಲ. ಹೆಂಡತಿ ತೀರಿಕೊಂಡು, ಮಗ ತನ್ನನ್ನು ಕೇಳದೆ ಮದುವೆಯಾಗಿ ಬೆಂಗಳೂರಿನ ಗಾರ್ಮೆಂಟ್ಸ್ ಸೇರಿದ ಮೇಲೆ ಅಂಗಡಿಯಲ್ಲಿ ಅವನೊಬ್ಬನೇ. ಸಿಟ್ಟು ಮಾತ್ರ ಮೂರು ಜನಕ್ಕಾಗುವಷ್ಟಿತ್ತು.

"ಏ ತಂಗಿ, ನಿನಗ ನೀರಿಗೆ ಬಾಟ್ಲಿ ಬೇಕಾ, ತೆಂಗಿನಕಾಯಿ ಒಡಿಯಾಕ ಬೇಕಾ?"

ತಟ್ಟೆ ಕೊಳ್ಳಲು ಬಂದಿದ್ದ ಓಬಳಮ್ಮ ಬಾಯಿಗೆ ಸೆರಗು ಹಿಡಿದು ನಕ್ಕಳು. ಹುಡುಗಿ ನಗಲಿಲ್ಲ. ಇಪ್ಪತ್ತರ ಆಸುಪಾಸಿನವಳು, ತಲೆ ತುಂಬ ಸೆರಗು. ಸ್ಟೂಲು ತೋರಿಸಿದರೂ ಕೂತಿರಲಿಲ್ಲ. ಎಲ್ಲರಂತೆ ಅಣ್ಣಾ ಎಂದಿರಲಿಲ್ಲ, ಸಾವ್ಕಾರ್ರೇ ಎಂದೂ ಇಲ್ಲ. ಮೆಟ್ಟಿಲಿಳಿದು ಬಾಟಲಿ ಎತ್ತಿ ತಂದು, ತಳವನ್ನು ಬೆಳಕಿಗೆ ಹಿಡಿದು ಬೆಸುಗೆ ನೋಡಿದಳು.

"ನೆಗ್ಗೈತ್ರಿ. ಗುಡ್ಡದ ಕಲ್ಲು ಇದಕ್ಕಿಂತ ಕೆಟ್ಟವು. ಬ್ಯಾರೆ ತೋರಸ್ರಿ."

ಗುಮ್ಮಘಟ್ಟದ ಕಡೆಯವಳು. ಗಂಡ ಕುರಿ ಕಾಯುತ್ತಾನೆ. ಇಷ್ಟನ್ನು ಬಾಯಿ ಬಿಡಿಸುವಷ್ಟರಲ್ಲಿ ತಿಪ್ಪಯ್ಯನಿಗೆ ಸಾಕುಸಾಕಾಯಿತು. ಹೋದ ವಾರ ಗಂಡನ ಪ್ಲಾಸ್ಟಿಕ್ ಬಾಟಲಿ ಬಂಡೆಗೆ ತಗುಲಿ ಸೀಳಿತಂತೆ. ನೀರನ್ನೆಲ್ಲ ನೆಲ ಕುಡಿಯಿತಂತೆ. ಸಂಜೆ ಅವನನ್ನು ಇಬ್ಬರು ಹೊತ್ತು ತಂದಾಗ ನಾಲಿಗೆ ಹೊರಳುತ್ತಿರಲಿಲ್ಲವಂತೆ.

"ಮೂರು ದಿನ ಗ್ಲೂಕೋಸ್ ಹಾಕಿದ್ರು. ಇನ್ನೊಂದ್ಸಲ ಹಿಂಗಾದ್ರ ಉಳಿಯಾಂಗಿಲ್ಲ ಅಂದಾರ ಡಾಕ್ಟ್ರು. ನಾಳೆ ಮತ್ತ ಗುಡ್ಡಕ್ಕ ಹೊಂಟಾರ."

"ಕುರಿ ಕಾಯೋನಿಗೆ ಗುಡ್ಡದಾಗ ನೀರಿನ ದೊಣೆ ಎಲ್ಲೈತಿ ಅಂತ ಗೊತ್ತಿರಾಂಗಿಲ್ಲೇನು?"

"ನೆಳ್ಳಾಗ ಬೆಳೆದೋರ್ರಿ. ಪ್ಯಾಟಿಯಾಗಿನ ಕೆಲಸ ಹೋತು, ನಮ್ಮಪ್ಪನ ಕುರಿ ಹಿಂದ ಹೊಂಟ್ರು. ಇನ್ನಾ ಹೊಸಬ್ರು."

ತಿಪ್ಪಯ್ಯ ಮೇಲಿನ ಕಪಾಟಿನಿಂದ ಜೋಡಿ ಗೋಡೆಯ ದಪ್ಪ ಬಾಟಲಿ ಇಳಿಸಿದ. ಅವಳು ಸೆರಗಿನ ಗಂಟು ಬಿಚ್ಚಿ ಆಯಸ್ಕಾಂತದ ಚೂರೊಂದನ್ನು ತೆಗೆದು ಅದರ ಮೈಗೆ ಹಿಡಿದಳು. ಅಂಟಲಿಲ್ಲ, ಅಸಲಿ ಸ್ಟೀಲು. ಮೆಟ್ಟಿಲ ಮೇಲೆ ಬೀಳಿಸಿದಳು. ನೆಗ್ಗಲಿಲ್ಲ. ಮುಚ್ಚಳದ ರಬ್ಬರನ್ನು ಬಿಡಿಸಿ ಹಿಂಡಿ ನೋಡಿದಳು. ಆಮೇಲೆ ಪಕ್ಕದ ಟೀ ಅಂಗಡಿಯಿಂದ ಕುದಿಯುವ ನೀರು ತಂದು ಸುರಿದು, ಬಾಟಲಿಯನ್ನು ಕೆನ್ನೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಳು. ದೇವರ ಪ್ರಸಾದ ಕೇಳುವವಳಂತೆ.

ಹೊರಮೈ ಬಿಸಿಯಾದರೆ ಗೋಡೆಗಳ ನಡುವೆ ಗಾಳಿ ಹೊಕ್ಕಿದೆ ಎಂದರ್ಥ. ಅಂಥ ಬಾಟಲಿಯಲ್ಲಿ ಮಧ್ಯಾಹ್ನಕ್ಕೆ ನೀರು ಕಾಯುತ್ತದೆ. ಇದು ವ್ಯಾಪಾರಿಗಳ ಒಳಗುಟ್ಟು, ಗಿರಾಕಿಗೆ ಯಾರೂ ಹೇಳುವುದಿಲ್ಲ.

"ಯಾರು ಕಲಿಸಿದ್ರು ನಿನಗ ಇದನ್ನ?"

"ನಮ್ಮನೆಯವ್ರು."

"ಭಾಳ ಬೆರಕಿ, ಚಾಲಾಕಿ ಅದಾನ ನಿನ್ನ ಗಂಡ."

ಕೆನ್ನೆ ತಣ್ಣಗಿತ್ತು. ಅವಳು ಕಣ್ಣು ಬಿಟ್ಟಳು. "ಇದಾ ಇರ್ಲಿ."

ಬೆಲೆ ಕೇಳಲಿಲ್ಲ. ತಿಪ್ಪಯ್ಯ ಗಲ್ಲಾಪೆಟ್ಟಿಗೆಯ ಮೇಲೆ ಮೊಣಕೈ ಊರಿದ.

"ಅಲ್ಲ ತಂಗಿ, ಬಾಟ್ಲಿ ಏನ ಗಟ್ಟಿ ಐತಿ. ಮನಷ್ಯಾ ಗಟ್ಟಿ ಇರಬೇಕಲ್ಲ? ಗುಡ್ಡಕ್ಕ ಬ್ಯಾಡ ಅನ್ನಬಾರದಾ?"

"ಕಾಲು ಹಿಡಕೊಂಡೀನ್ರಿ. 'ನನಗ ಬ್ಯಾರೆ ಯಾವ ಬಾಗಿಲು ತೆರೆದೈತಿ' ಅಂತಾರ."

"ಹೆತ್ತವ್ರು ಇಲ್ಲೇನು ಅವನಿಗೆ?"

"ತಾಯಿ ಇಲ್ಲ. ತಂದಿ ಅದಾರ."

"ಅದಾನ!" ತಿಪ್ಪಯ್ಯ ಗಲ್ಲಾಪೆಟ್ಟಿಗೆಯನ್ನು ಗುದ್ದಿದ. "ಮಗ ಬಿಸಿಲಿಗೆ ಬಿದ್ದು ಸಾಯಾಕತ್ಯಾನ, ಆ ಮುದಿಯ ಕುಂತು ಕತ್ತೆ ಕಾಯ್ತಾನೇನು? ಎಂಥ ತಂದಿ ಅವ! ನನ್ನ ಕೈಗೆ ಸಿಗಬೇಕಿತ್ತು, ಕೆರ ತಗಂಡು ಹೊಡೀತಿದ್ದೆ."

ಹುಡುಗಿ ಮೊದಲ ಸಲ ತಲೆಯೆತ್ತಿ ಅವನ ಮುಖವನ್ನು ನೋಡಿದಳು. ಒಂದೇ ಗಳಿಗೆ. ಮತ್ತೆ ನೆಲ ನೋಡಿದಳು.

"ಅವರಿಗೆ ಗೊತ್ತಿಲ್ರಿ. ಯಾರೂ ಹೇಳಿಲ್ಲ."

"ನೀನಾ ಹೋಗಿ ಹೇಳು ಮತ್ತ! ಯಾಕ, ಬಾಯಿ ಇಲ್ಲೇನು?"

ಅವಳು ನೀರು ಚೆಲ್ಲಿ ಬಾಟಲಿಯನ್ನು ಅವನ ಮುಂದೆ ಸರಿಸಿದಳು. "ಹೆಸರು ಕೆತ್ತಿಕೊಡ್ರಿ. ಗುಡ್ಡದಾಗ ಬಾಟ್ಲಿ ಅದಲುಬದಲು ಆಗ್ತಾವ."

ತಿಪ್ಪಯ್ಯ ಗೊಣಗುತ್ತ ಹೆಸರು ಕೆತ್ತುವ ಮಷೀನಿನ ಧೂಳು ಒರೆಸಿದ. ಎರಡು ವರ್ಷದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ. ಸ್ವಿಚ್ಚು ಒತ್ತಿದ ಕೂಡಲೇ ಸೂಜಿ ಜೀರುಂಡೆಯಂತೆ ಗುಯ್‌ಗುಟ್ಟಿತು.

"ಏನು ಹೆಸರು?"

ಹುಡುಗಿ ತುಟಿ ಕಚ್ಚಿಕೊಂಡಳು.

"ಅಯ್ಯ, ಗಂಡನ ಹೆಸರು ಬಾಯಿಲೆ ಅಂದ್ರ ಆಯಸ್ಸು ಕಮ್ಮಿ ಆಗತೈತಿ ಅಂತ ಹೆದರ್ಯಾಳ," ಎಂದಳು ಓಬಳಮ್ಮ. "ಒಡಪು ಕಟ್ಟಿ ಹೇಳವ್ವ. ಮದುವಿ ದಿನ ಹೇಳಿರ್ತೀಯಲ್ಲ?"

"ಅವತ್ತು ಕೇಳಾಕ ಯಾರೂ ಇರ್ಲಿಲ್ಲಕ್ಕಾ."

"ಹಂಗಾರ ಚೀಟಿ ಬರಕೊಡು."

"ಬರಿಯಾಕ ಬರಂಗಿಲ್ಲ."

ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. ತಿಪ್ಪಯ್ಯ ಮಷೀನು ನಿಲ್ಲಿಸಿದ. ಅವನ ದನಿ ಅವನಿಗೇ ಗೊತ್ತಿಲ್ಲದಂತೆ ಮೆತ್ತಗಾಯಿತು.

"ನೋಡವ್ವ, ಆಯಸ್ಸು ತಿನ್ನೋದು ಬಿಸಿಲು, ಹೆಸರಲ್ಲ. ಹೆದರಬ್ಯಾಡ, ಹೇಳು. ತಂದಿ ಹೆಸರೂ ಹೇಳಿಬಿಡು, ಎರಡೂ ಕೆತ್ತಿಕೊಡ್ತೀನಿ."

ಅವಳು ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು.

"ಈಶ್ವರ... ತಂದಿ ಹೆಸರು ತಿಪ್ಪಯ್ಯ. ಕೆತ್ರಿ, ಮಾವ."