ಬೀಗದ ಮಾಮ ಹಿಡಿದ ಕಳ್ಳಿ

ಸ್ಟೀಲ್ ತಟ್ಟೆಗಳು ಢಣಢಣ ಬಿದ್ದ ಸದ್ದು ಕೇಳಿದ್ದೇ ತಡ, ಬೀಗದ ಮಾಮ ನಲ್ಲಿಯ ಹತ್ತಿರ ಬಕೆಟ್ ಬಿಟ್ಟು ಓಡಿದ. ಅವನ ಟ್ರೇಲರ್ ಮನೆಯ ಬಾಗಿಲು ತೆರೆದಿತ್ತು. ಒಳಗೆ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳು ಮಂಚದ ಹಿಂದಿನ ಸಂದಿಗೆ ಕೈ ಹಾಕಿ ತಡಕಾಡುತ್ತಿದ್ದಳು. ಮಾಮ ರಟ್ಟೆ ಹಿಡಿದು ದರದರನೆ ಹೊರಗೆಳೆದ.

“ಎಲ್ರೂ ಬನ್ನಿ! ಕಳ್ಳಿ ಸಿಕ್ಕಿಬಿದ್ಲು!”

ಕಾರಿನ ಹಿಂದೆ ಕಟ್ಟಿಕೊಂಡು ತಿರುಗುವ ಟ್ರೇಲರ್‌ಗಳು ತಂಗುವ ಮೈದಾನ ಅದು. ಹೋದ ವಾರವಷ್ಟೇ ಪಕ್ಕದವರ ಜನರೇಟರ್ ಮಾಯವಾಗಿತ್ತು. ಮಾಮನದು ಮಾತ್ರ ಒಂದು ಮೊಳೆಯೂ ಹೋಗಿರಲಿಲ್ಲ. ಗ್ಯಾಸ್ ಸಿಲಿಂಡರಿಗೆ ಸೈಕಲ್ ಚೈನು ಬಿಗಿದಿದ್ದ. ಬ್ಯಾಟರಿ ಪೆಟ್ಟಿಗೆಯ ಬೋಲ್ಟುಗಳ ತಲೆಗೆ ಅಂಟು ತುಂಬಿದ್ದ. ಬಾಗಿಲಿಗೆ ಗಾಳದ ದಾರ ಕಟ್ಟಿ, ತುದಿಗೆ ತಟ್ಟೆಗಳನ್ನು ಪೇರಿಸಿದ್ದ. ಆ ಬಾಗಿಲಿಗಂತೂ ಬೀಗವೇ ಬೇಕಿರಲಿಲ್ಲ. ತುಸು ಎತ್ತಿ, ಮೊಣಕಾಲಿನಿಂದ ಗುದ್ದದೆ ಅದು ಜಪ್ಪಯ್ಯ ಅಂದರೂ ತೆರೆಯುತ್ತಿರಲಿಲ್ಲ. ಆ ವರಸೆ ಕಲಿಯಲು ಮಾಮನಿಗೇ ತಿಂಗಳು ಹಿಡಿದಿತ್ತು.

ವಿಮೆ ಮಾಡಿಸೋಣವೆಂದರೆ ಕಾಗದಪತ್ರ ಕೇಳುತ್ತಾರೆ. ಟ್ರೇಲರ್ ಕೊಡಿಸಿದ ದಲ್ಲಾಳಿ ಅವನ್ನು ಇನ್ನೂ ಕಳಿಸಿರಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ ಮಾಮ ಮಾತು ಮರೆಸುತ್ತಿದ್ದ.

ಜನ ಸೇರಿದರು. ಹೆಂಗಸು ಓಡಲಿಲ್ಲ, ಅಳಲಿಲ್ಲ. ಮಾಮ ಎಲ್ಲರೆದುರು ಅವಳ ಮುಷ್ಟಿಯನ್ನು ಬಲವಂತವಾಗಿ ಬಿಡಿಸಿದ. ಒಳಗಿದ್ದದ್ದು ಕಡ್ಡಿ ಮುರಿದ ಕನ್ನಡಕ.

ಯಾರೋ ಕಿಸಕ್ಕನೆ ನಕ್ಕರು. “ಇಷ್ಟಕ್ಕಾ ಮಾಮ ಇಷ್ಟು ರಂಪ?”

“ಇದು ನಮ್ದೂ ಅಲ್ವಲ್ರೀ,” ಎಂದಳು ಓಡಿ ಬಂದ ಹೆಂಡತಿ. ಆಮೇಲೆ ಆ ಮುದುಕಿಯ ರಟ್ಟೆಯ ಮೇಲೆ ಮೂಡಿದ್ದ ಐದು ಬೆರಳುಗಳ ಕೆಂಪು ಗುರುತು ಅವಳ ಕಣ್ಣಿಗೆ ಬಿತ್ತು. “ನಿಮ್ಮಕ್ಕನ ವಯಸ್ಸಿನೋರು. ಕೈ ಹೇಗ್ರೀ ಬಂತು ನಿಮಗೆ?”

ಮಾಮನಿಗೆ ಮುಖ ಎಲ್ಲಿಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ಜನ ಒಬ್ಬೊಬ್ಬರಾಗಿ ಕಳಚಿಕೊಂಡರು. ನಿನ್ನೆಯವರೆಗೆ ಅವನ ಚೈನು, ಬೋಲ್ಟುಗಳನ್ನು ಹೊಗಳಿದವರು ಈಗ ಅವನತ್ತ ನೋಡಲೂ ಇಲ್ಲ.

“ತಪ್ಪಾಯ್ತಕ್ಕ,” ಎಂದ, ನೆಲ ನೋಡುತ್ತ. “ಒಳಗೆ ಬನ್ನಿ. ನೀರು ಕುಡೀರಿ.”

ಒಳಗಿನ ತಗ್ಗು ಕಪಾಟು ಇಂದಿಗೂ ಗಂಡಹೆಂಡಿರ ಹಣೆಗೆ ಬಡಿಯುತ್ತಿತ್ತು. ಆಕೆ ತಲೆ ಎತ್ತಿ ನೋಡದೆಯೇ ಬಗ್ಗಿ ದಾಟಿ, ಕಿಟಕಿಯ ಪಕ್ಕ ಹೋಗಿ ಕೂತಳು. ನೀರನ್ನು ನಿಧಾನವಾಗಿ ಕುಡಿದಳು. ಮಾಮ ಎದುರಿಗೆ ನಿಲ್ಲಲಾರದೆ ಮೆಟ್ಟಿಲ ಮೇಲೆ ಮುದುಡಿ ಕೂತ. ಆ ರಟ್ಟೆ ಹಿಡಿದ ಕೈಯನ್ನು ಎಷ್ಟು ಸಲ ಪ್ಯಾಂಟಿಗೆ ಒರೆಸಿಕೊಂಡನೋ.

ಹೆಂಡತಿ ಮೆತ್ತಗೆ ಕೇಳಿದಳು, “ನಿಮ್ಮನೆ ಎಲ್ಲಮ್ಮಾ? ಇವ್ರೇ ಕಾರಲ್ಲಿ ಬಿಟ್ಟು ಬರ್ತಾರೆ.”

“ಎಲ್ಲಿಗೆ ಬಿಡ್ತಾರಮ್ಮ? ನಮ್ಮನೆ ಇದೇ. ನಮ್ಮ ಯಜಮಾನ್ರು ಆಸ್ಪತ್ರೇಲಿದ್ದಾಗ ಯಾರೋ ಕದ್ದು ಎಳ್ಕೊಂಡು ಹೋಗಿದ್ರು.”