ಒಗೀಬ್ಯಾಡ್ರಿ

“ಇದನ್ನ ಒಗೀಬ್ಯಾಡ್ರಿ ಮತ್ತ” ಎಂದು ಹೇಳಿ ಅಂಬುಬಾಯಿ ಒಂದು ಹಳೆಯ ಕೌದಿಯನ್ನು ಸಾವಿತ್ರಿಯ ಕೈಗೆ ತುರುಕಿದವರೇ, ರಾಯಚೂರಿನ ಮದುವೆಗೆ ಹೊತ್ತಾಯಿತೆಂದು ಆಟೋ ಹತ್ತಿಬಿಟ್ಟರು. ಯಾಕೆ ಒಗೆಯಬಾರದು ಎಂದು ಕೇಳಲು ಸಾವಿತ್ರಿ ಬಾಯಿ ತೆರೆಯುವಷ್ಟರಲ್ಲಿ ಆಟೋ ಮೆಹದಿಪಟ್ಟಣಂ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಮಾಯವಾಗಿತ್ತು.

ಆ ಚಳಿಗಾಲ ಕನ್ನಡ ಮಹಿಳಾ ಮಂಡಳದವರು ಸರ್ಕಾರಿ ಹೆರಿಗೆ ಆಸ್ಪತ್ರೆಯ ಬಾಣಂತಿಯರಿಗೆ ಕೌದಿ ಹಂಚುವುದೆಂದು ನಿಶ್ಚಯಿಸಿದ್ದರು. ಹಳೆಯ ಸೀರೆಗಳನ್ನು ಕೂಡಿಸಿ ಹೊಲಿಯುವುದು ಮಂಡಳದ ಹೊಲಿಗೆ ತರಗತಿಯ ಹೆಣ್ಣುಮಕ್ಕಳ ಪಾಲಿಗೆ; ಬಂದದ್ದನ್ನೆಲ್ಲ ಒಗೆದು ಒಣಗಿಸುವುದು ಸಾವಿತ್ರಿಯ ಪಾಲಿಗೆ. ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸವಾಗಿ ಮೈಸೂರು ಕಡೆಯಿಂದ ಬಂದವಳು ಅವಳು. ಮಂಡಳದ ಹಿರಿಯರೆಲ್ಲ ಗುಲ್ಬರ್ಗಾ, ರಾಯಚೂರು ಕಡೆಯ ಮಾತಿನವರು. ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ನಕ್ಕು ತಲೆಯಾಡಿಸುತ್ತಿದ್ದಳು. ಆದರೆ ಈ ಮಾತಿನಲ್ಲಿ ತಿಳಿಯದೇ ಇರುವುದೇನು? ಒಗೆಯಬೇಡಿ. ಅಷ್ಟೇ ತಾನೇ.

ಕೌದಿಯೋ, ಕೊಳೆ ಅಂದರೆ ಕೊಳೆ. ಒಂದು ಮೂಲೆ ಹರಿದಿತ್ತು, ನಡುವೆ ಎಣ್ಣೆಯ ಕಲೆಗಳಿದ್ದವು. ಸಾವಿತ್ರಿ ಮೂಸಿ ನೋಡಿದಳು. ಎಂಥ ಎಣ್ಣೆಯೋ ತಿಳಿಯಲಿಲ್ಲ. ಕೂಸಿಗೆ ಹಚ್ಚಿದ್ದೇ? ಮುದುಕಿಯ ಮಂಡಿಗೆ ತಿಕ್ಕಿದ್ದೇ? ಒಗೆಯಲೂ ಮನಸ್ಸು ಬಾರದಂತೆ ಇದರಲ್ಲಿ ಯಾರ ಮೈವಾಸನೆ ಉಳಿದಿದೆ? ಅಂಥದ್ದನ್ನು ತಂದು ತನ್ನ ಕೈಗೆ ಯಾಕೆ ಕೊಟ್ಟರು? ಮನೆಯಲ್ಲಿದ್ದರೆ ಸೊಸೆ ಸೋಪಿನ ಪುಡಿಗೆ ಹಾಕಿಬಿಟ್ಟಾಳೆಂಬ ಭಯವಿರಬೇಕು. ಕುತೂಹಲ ತಡೆಯಲಾಗದೆ ಇನ್ನೊಮ್ಮೆ ಮೂಸಿದಳು.

ಮೂಸುತ್ತಿದ್ದಂತೆ ಅಮ್ಮನ ಶಾಲು ನೆನಪಾಯಿತು. ಹೋದ ಮಳೆಗಾಲದಲ್ಲಿ ಅವಳ ಅಮ್ಮ ತೀರಿಕೊಂಡಿದ್ದರು. ರೈಲು ಹಿಡಿದು ಇವಳು ಊರು ಮುಟ್ಟುವಷ್ಟರಲ್ಲಿ ಅತ್ತಿಗೆಯರು ಅಮ್ಮನ ಸೀರೆ, ಶಾಲು ಎಲ್ಲವನ್ನೂ ಒಗೆದು ಮಡಚಿಟ್ಟಿದ್ದರು. ಶಾಲಿನಲ್ಲಿ ಮುಖ ಹುದುಗಿಸಿ ಹುಡುಕಿದಳು. ಬರೀ ಸೋಪಿನ ವಾಸನೆ. ಒಗೆಯಬೇಡಿ ಅನ್ನುವವರು ಒಬ್ಬರೂ ಇರಲಿಲ್ಲ. ಅಂಬುಬಾಯಿಯಾದರೂ ಅಂದಿದ್ದಾರೆ, ಆ ಮಾತು ಉಳಿಸಲೇಬೇಕು. ಇಂಥದ್ದನ್ನು ಎಲ್ಲರ ಮುಂದೆ ಹೇಳಿಕೊಂಡು ತಿರುಗಲಾದೀತೇ? ಕೌದಿಯನ್ನು ಚೀಲಕ್ಕೆ ಹಾಕಿ ಮಂಡಳದ ಕಪಾಟಿನ ಮೂಲೆಯಲ್ಲಿಟ್ಟಳು.

ಹಂಚುವ ದಿನ ಆಸ್ಪತ್ರೆಯಲ್ಲಿ ಸರಿಯಾಗಿ ಒಂದು ಕೌದಿ ಕಡಿಮೆ ಬಿತ್ತು. ಕಾರ್ಯದರ್ಶಿ ಶಾಮಲಾಗೆ ಕಪಾಟಿನ ಚೀಲದ ನೆನಪಾಯಿತು. ಅದನ್ನು ಕೊಡುವ ಹಾಗಿಲ್ಲ ಎಂದಳು ಸಾವಿತ್ರಿ. ಯಾಕೆಂದು ಕೇಳಿದರೆ ಖಾಲಿ ಚೀಲಗಳನ್ನು ಮಡಚತೊಡಗಿದಳು. ದಾನಕ್ಕೆ ಬಂದದ್ದನ್ನೂ ಹಿಡಿದಿಟ್ಟುಕೊಳ್ಳುವ ಇವಳೆಂಥ ಹೆಂಗಸು ಎಂದು ಶಾಮಲಾ ಮುಖ ಗಂಟಿಕ್ಕಿದಳು. ಕೊನೆಯ ಮಂಚದ ಮೇಲೆ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದಿದ್ದ ಶರಣಬಸಮ್ಮ ಸೆರಗಿನಲ್ಲೇ ಕೂಸನ್ನು ಸುತ್ತಿಕೊಂಡು ಇವರನ್ನೇ ನೋಡುತ್ತಿದ್ದಳು. ಸಾವಿತ್ರಿ ಮಂಚದ ಹತ್ತಿರ ಹೋದಳು. ಆಮೇಲೆ ತಾನು ಹೊದ್ದಿದ್ದ ಅಮ್ಮನ ಶಾಲನ್ನೇ ತೆಗೆದು ಕೂಸಿಗೆ ಹೊದಿಸಿದಳು. ಕೂಕಟ್‌ಪಲ್ಲಿಯ ಬಸ್ಸಿನಲ್ಲಿ ಮನೆಗೆ ಹೋಗುತ್ತ ಭುಜಕ್ಕೆ ಚಳಿ ಹತ್ತಿದಾಗ ಅಮ್ಮ ಇನ್ನೊಮ್ಮೆ ಸತ್ತಂತಾಗಿ, ಪಕ್ಕದವರು ನೋಡುತ್ತಿದ್ದರೂ ಬಿಡದೆ ಅತ್ತಳು.

ಮದುವೆ ಮುಗಿಸಿ ಬಂದ ಅಂಬುಬಾಯಿ ಕಪಾಟು ತೆರೆದು ಹುಬ್ಬೇರಿಸಿದರು. “ಇದು ಇನ್ನೂ ಇಲ್ಲೇ ಐತೇನ್ರಿ?”

“ನೀವೇ ಒಗೀಬೇಡಿ ಅಂದಿದ್ರಲ್ಲ.”

“ಹೌದ್ರಿ. ಹರದೈತಿ ಅಂತ ಎಲ್ಲಿ ಕಸದಾಗ ಒಗದೀರಿ ಅಂತ ಅಂದಿದ್ನಿ. ನಮ್ಮವರ ಸ್ಕೂಟರಿಗೆ ಹೊಚ್ಚತಿದ್ವಿ, ಗ್ರೀಸ್ ಹತ್ತೈತಿ. ಹೊಲಿಗಿ ಭಾಳ ಗಟ್ಟಿ ಐತಿ. ಸೋಡಾ ಹಾಕಿ ಕುದಿಸಿದ್ರ ಹೊಸಾದ ಆಗತದ.”

ಇವರ ಕಡೆ ಒಗೆಯುವುದೆಂದರೆ ಎಸೆಯುವುದೂ ಹೌದೆಂದು ಆಗ ಸಾವಿತ್ರಿಗೆ ತಿಳಿಯಿತು. ಶಾಮಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ತಾನು ಅಷ್ಟು ಭಕ್ತಿಯಿಂದ ಮೂಸಿದ್ದು ಸ್ಕೂಟರಿನ ಗ್ರೀಸು ಎಂದು ಸಾವಿತ್ರಿಯೂ ನಕ್ಕಳು, ನಗುತ್ತ ನಗುತ್ತಲೇ ಅಳು ಬಂತು. ಅಮ್ಮನ ವಿಷಯ, ಶಾಲಿನ ವಿಷಯ ಎಲ್ಲವನ್ನೂ ಹೇಳಿದಳು. ಅಂಬುಬಾಯಿ ಸೀರೆ ಎತ್ತಿ ಸಿಕ್ಕಿಸಿ, ಕೌದಿಯನ್ನು ತಾವೇ ಕುದಿಸಿ, ಹರಿದ ಮೂಲೆಗೆ ತೇಪೆ ಹಾಕಿ, ಅದು ಒಣಗಿದ್ದೇ ತಡ ಸಾವಿತ್ರಿಯನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದರು. ಇದನ್ನು ಕೊಟ್ಟು ನಿಮ್ಮ ಅವ್ವನ ಶಾಲು ತರೋಣ ಎಂಬುದು ಅವರ ಲೆಕ್ಕ.

ಶರಣಬಸಮ್ಮನಿಗೆ ಕೌದಿ ಕಂಡು ಹಿಗ್ಗಾಯಿತು. ಶಾಲನ್ನು ಮರಳಿಸುವಾಗ ಮಾತ್ರ ನಾಚಿದಳು. “ಕೂಸು ಹಸಿ ಮಾಡೇತ್ರಿ ಅಕ್ಕಾರ. ಒಗದು ನಾಳಿ ಕೊಡ್ತೀನ್ರಿ.”

ಸಾವಿತ್ರಿ ಅಭ್ಯಾಸಬಲದಿಂದ ಶಾಲನ್ನು ಮೂಗಿಗೆ ಹಿಡಿದಳು. ಸೋಪಿನ ವಾಸನೆ ಹೋಗಿತ್ತು. ಹಾಲು, ಕೊಬ್ಬರಿ ಎಣ್ಣೆ, ಎಳೆಗೂಸಿನ ಉಚ್ಚೆ, ಎಲ್ಲವೂ ಇದ್ದವು. ಅವಳಿಗೆ ತುಂಬ ಹೊತ್ತು ಅದನ್ನು ಕೆಳಗಿಳಿಸಲಾಗಲಿಲ್ಲ. ಆಮೇಲೆ ಮೆಲ್ಲಗೆ ಕೂಸಿನ ಕಾಲಬಳಿ ಇಟ್ಟಳು.

“ಇದು ಮಗೂಗೇ ಇರಲಿ” ಎಂದಳು. ಶಾಲಿನ ಅಂಚು ಸರಿಪಡಿಸುತ್ತ, “ಒಗೀಬ್ಯಾಡ್ರಿ ಮತ್ತ” ಎಂದು ಸೇರಿಸಿದಳು.

ಅಂಬುಬಾಯಿ ಅವಳ ಕಿವಿಯ ಹತ್ತಿರ ಬಗ್ಗಿದರು. “ಯಾ ಒಗಿಯೂದ್ರಿ ಸಾವಿತ್ರಿ, ನಿಮ್ಮದೋ, ನಮ್ಮದೋ?”

“ನಿಮ್ಮದೇ” ಎಂದಳು ಸಾವಿತ್ರಿ.